ಪಾಲಿಗೆ ಬಿದ್ದ ಜನ



ಒಂದು ಮನೆ ಪಾಲಾಗುವುದನ್ನು ಇಲ್ಲಿರುವ ಹೆಚ್ಚಿನವರು ಕಂಡಿದ್ದೀರಿ. ತಂದೆ ತೀರಿಕೊಂಡ ಮೇಲೆ ಅಣ್ಣತಮ್ಮಂದಿರು ಕೂರುತ್ತಾರೆ, ಊರಿನ ನಾಲ್ಕು ಜನ ಹಿರಿಯರನ್ನು ಕರೆಸುತ್ತಾರೆ. ಗದ್ದೆ, ಹೊಲ, ದನಕರು, ಹಂಡೆ, ಕೊಪ್ಪರಿಗೆ ಎಲ್ಲವನ್ನೂ ಸಮನಾಗಿ ವಿಂಗಡಿಸಿ, ಚೀಟಿ ಬರೆದು, ಮನೆಯ ಚಿಕ್ಕ ಮಗುವಿನ ಕೈಯಲ್ಲಿ ಎತ್ತಿಸುತ್ತಾರೆ. ಯಾವ ಚೀಟಿ ಬಂದರೂ ಮರುಮಾತಿಲ್ಲ. ಪಾಲಿಗೆ ಬಂದದ್ದು ಪಂಚಾಮೃತ. ಈ ಗಾದೆ ಹುಟ್ಟಿದ್ದು ಪಾಲು ಪಡೆಯುವವನ ಬಾಯಲ್ಲಿ. ಪಾಲಿಗೆ ಹೋದ ಎತ್ತು ಏನೆಂದುಕೊಂಡಿತು, ಹಿಂದೆ ಎತ್ತಿನ ಜೊತೆಯಲ್ಲೇ ಪಾಲಿಗೆ ಹೋಗುತ್ತಿದ್ದ ಹುಟ್ಟಾಳು ಏನೆಂದುಕೊಂಡ ಎಂಬುದರ ಮೇಲೆ ಒಂದು ಗಾದೆಯನ್ನೂ ನಾನು ಕೇಳಿಲ್ಲ.

ಇಂದಿನ ಉಪನ್ಯಾಸ ಅಂಥ ಒಂದು ಚೀಟಿಯನ್ನು ಕುರಿತದ್ದು. 453ರಲ್ಲಿ ಹೂಣರ ದೊರೆ ಅಟ್ಟಿಲ ಸತ್ತ. ಅವನಿಗೆ ಹೆಂಡಿರು ಬಹಳ, ಮಕ್ಕಳೂ ಬಹಳ. ತಂದೆ ಆಳುತ್ತಿದ್ದ ಜನಾಂಗಗಳನ್ನು ಆ ಮಕ್ಕಳು ತಮ್ಮೊಳಗೆ ಸಮಪಾಲು ಮಾಡಿಕೊಳ್ಳಲು ಹೊರಟರು. ಯುದ್ಧದಲ್ಲಿ ಹೆಸರಾದ ರಾಜರನ್ನೂ ಅವರ ಪ್ರಜೆಗಳನ್ನೂ ಮನೆಯಾಳುಗಳಂತೆ ಚೀಟಿಗೆ ಹಾಕಿದರು ಎಂದು ಸುಮಾರು ನೂರು ವರ್ಷಗಳ ನಂತರ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಕುಳಿತು ಗಾಥರ ಇತಿಹಾಸ ಬರೆದ ಜೋರ್ಡೇನ್ಸ್ ಹೇಳುತ್ತಾನೆ. ಸುದ್ದಿ ಹೂಣರ ಅಧೀನದಲ್ಲಿದ್ದ ಗೆಪಿಡರ ದೊರೆ ಅರ್ಡರಿಕ್‌ನ ಕಿವಿಗೆ ಬಿತ್ತು. ಇಷ್ಟು ಜನಾಂಗಗಳನ್ನು ಕೀಳು ಆಳುಗಳ ಹಾಗೆ ಕಂಡರಲ್ಲ ಎಂದು ಅವನು ಕೆರಳಿದ, ಎಲ್ಲರಿಗಿಂತ ಮೊದಲು ಎದ್ದು ನಿಂತ. ಅವನ ಹಿಂದೆ ಉಳಿದವರು ಎದ್ದರು.

ಪಠ್ಯಪುಸ್ತಕಗಳಲ್ಲಿ ಇದಕ್ಕೆ ಸಿಗುವುದು ಒಂದು ಸಾಲು: ಅಟ್ಟಿಲನ ಮರಣಾನಂತರ ಹೂಣ ಸಾಮ್ರಾಜ್ಯ ಕುಸಿಯಿತು. ನಾನೂ ಎಷ್ಟೋ ವರ್ಷ ಆ ಸಾಲನ್ನು ಹಾಗೆಯೇ ಪಾಠ ಮಾಡಿದೆ. ಕುಸಿಯಿತು ಎಂದರೆ ಮಳೆಗಾಲದಲ್ಲಿ ಮಣ್ಣಿನ ಗೋಡೆ ತಾನಾಗಿ ನೆನೆದು ಬಿದ್ದಂತೆ ಕೇಳುತ್ತದೆ. ಆ ಗೋಡೆಯನ್ನು ಬೀಳಿಸಿದ ಕೈಗಳಿದ್ದವು. ಎಂಬತ್ತು ವರ್ಷ ಅದಕ್ಕೆ ಹೆಗಲು ಕೊಟ್ಟು ನಿಲ್ಲಿಸಿದ್ದವರೂ ಆ ಕೈಗಳವರೇ. ಹೂಣರ ಬಲವೆಂದು ರೋಮ್ ನಡುಗಿದ್ದು ಬಹುಪಾಲು ಹೂಣರಲ್ಲದವರ ಬಲಕ್ಕೆ. ಅದನ್ನು ಅವರು ವಾಪಸು ತೆಗೆದುಕೊಂಡಾಗ ಉಳಿದದ್ದು ಬಹಳ ಕಡಿಮೆ. ನಾನು ಇಂದು ನಿಮ್ಮ ಮುಂದೆ ಇಡಬೇಕೆಂದಿರುವುದು ಇದನ್ನೇ.

ಮೊದಲು ಹೆಸರಿನ ಗೊಂದಲ ಬಿಡಿಸಿಕೊಳ್ಳೋಣ. ಹೂಣರು ಎಂದೊಡನೆ ನಮಗೆ ನೆನಪಾಗುವುದು ಸ್ಕಂದಗುಪ್ತನ ಭಿತರಿ ಶಾಸನ, ತೋರಮಾಣ, ಮಿಹಿರಕುಲ, ಮಂದಸೋರಿನಲ್ಲಿ ಯಶೋಧರ್ಮ ನಿಲ್ಲಿಸಿದ ಜಯಸ್ತಂಭ. ಸ್ಕಂದಗುಪ್ತ ಪಟ್ಟಕ್ಕೆ ಬಂದದ್ದು 455ರ ಸುಮಾರಿಗೆ, ಅಂದರೆ ನಾನು ಹೇಳಲಿರುವ ಯುದ್ಧದ ಆಸುಪಾಸಿನಲ್ಲೇ. ಹೆಸರು ಒಂದೇ. ಆದರೆ ಹಿಂದೂಕುಷ್ ದಾಟಿ ಈ ಕಡೆ ಇಳಿದ ಪಂಗಡಗಳೂ ಡಾನ್ಯೂಬ್ ದಡದ ಪಂಗಡವೂ ಒಂದೇ ಅರಸೊತ್ತಿಗೆಯ ಕೆಳಗೆ ಇರಲಿಲ್ಲ. ಅವರ ನಡುವಿನ ನಂಟು ಎಷ್ಟು ಹತ್ತಿರದ್ದು ಎಂಬ ಚರ್ಚೆ ವಿದ್ವಾಂಸರಲ್ಲಿ ಇನ್ನೂ ನಡೆದಿದೆ. ನಮ್ಮ ಶಾಸನಗಳ ಹೂಣರನ್ನು ಅಟ್ಟಿಲನ ದಂಡಿನ ಒಂದು ತುಂಡೆಂದು ತಿಳಿಯಬಾರದು. ಅಷ್ಟು ಹೇಳಿ ಮುಂದೆ ಹೋಗುತ್ತೇನೆ.

ಯೂರೋಪಿನ ಹೂಣರು ವೋಲ್ಗಾ ನದಿಯ ಆಚೆಯಿಂದ ಕಪ್ಪು ಸಮುದ್ರದ ಉತ್ತರದ ಬಯಲಿಗೆ ನುಗ್ಗಿದ್ದು 370ರ ದಶಕದಲ್ಲಿ. ಮೊದಲು ಆಲನ್ನರು, ಆಮೇಲೆ ಗಾಥರು ಅವರ ಕೈಗೆ ಸಿಕ್ಕಿದರು. 376ರಲ್ಲಿ ಗಾಥರ ಒಂದು ದೊಡ್ಡ ಗುಂಪು ಡಾನ್ಯೂಬ್ ದಡಕ್ಕೆ ಬಂದು ತಮ್ಮನ್ನು ಒಳಗೆ ಬಿಡಿ ಎಂದು ರೋಮನ್ನರನ್ನು ಬೇಡಿಕೊಂಡಿತು. ಆ ಕಥೆ ಎಲ್ಲರಿಗೂ ಗೊತ್ತು, ಎರಡು ವರ್ಷದಲ್ಲಿ ಏಡ್ರಿಯಾನೋಪಲ್‌ನಲ್ಲಿ ಚಕ್ರವರ್ತಿ ವೇಲೆನ್ಸ್ ಅವರ ಕೈಯಲ್ಲೇ ಸತ್ತ. ನದಿ ದಾಟಲಾಗದೆ ಆಚೆ ದಡದಲ್ಲಿ ಉಳಿದವರ ಕಥೆಯನ್ನು ಕೇಳಿದವರು ಕಡಿಮೆ. ಐದನೇ ಶತಮಾನದ ಮೊದಲ ದಶಕಗಳಲ್ಲಿ ಹೂಣರ ಬೀಡು ಪಶ್ಚಿಮಕ್ಕೆ ಸರಿದು, ಇಂದಿನ ಹಂಗೇರಿಯಲ್ಲಿ ಡಾನ್ಯೂಬ್ ಮತ್ತು ಟಿಸ್ಸಾ ನದಿಗಳ ನಡುವಿನ ಬಯಲಿಗೆ ಬಂತು. ಆ ಹೊತ್ತಿಗೆ ಗೆಪಿಡರು, ಅಮಲ್ ಮನೆತನದ ಗಾಥರು, ಸ್ಕಿರಿಗಳು, ರುಗಿಗಳು, ಹೆರುಲರು, ಸುಯೆವಿಗಳು, ಸರ್ಮೇಷಿಯನ್ನರು, ಆಲನ್ನರು ಎಲ್ಲರೂ ಅವರ ನೊಗದ ಕೆಳಗಿದ್ದರು. ಇವರಲ್ಲಿ ಹೆಚ್ಚಿನವರು ಜರ್ಮಾನಿಕ್ ನುಡಿಗಳನ್ನಾಡುವ ಬೇಸಾಯದ ಜನ. ಹೂಣರ ಬೀಡಿನಲ್ಲಿ ಹೂಣ ಭಾಷೆಯ ಜೊತೆಗೆ ಗಾಥರ ಮಾತೂ ನಡೆಯುತ್ತಿತ್ತು. ಅಟ್ಟಿಲ ಎಂಬ ಹೆಸರನ್ನೇ ಅನೇಕ ಭಾಷಾವಿದ್ವಾಂಸರು ಗಾಥ್ ನುಡಿಯಿಂದ ಬಿಡಿಸುತ್ತಾರೆ. ಆಗ ಅದರ ಅರ್ಥ ಹೆಚ್ಚು ಕಡಿಮೆ ನಮ್ಮ ‘ಅಪ್ಪಯ್ಯ’. ಆಳಿಸಿಕೊಂಡವರ ನುಡಿಯಲ್ಲಿ ಆಳುವವನ ಹೆಸರು ಉಳಿದಿದೆ ಎಂದರೆ ಆ ಬೀಡಿನಲ್ಲಿ ಅವರು ಎಷ್ಟು ತುಂಬಿಕೊಂಡಿದ್ದರು ಎಂಬುದನ್ನು ನೋಡಿ.

ನನ್ನ ಮಟ್ಟಿಗೆ ಈ ಕಾಲದ ಅತ್ಯಂತ ಬೆಲೆಬಾಳುವ ಸಾಕ್ಷಿ ಪ್ರಿಸ್ಕಸ್. 449ರಲ್ಲಿ ಮ್ಯಾಕ್ಸಿಮಿನಸ್ ಎಂಬ ಪೂರ್ವ ರೋಮಿನ ರಾಯಭಾರಿಯ ಜೊತೆ ಅಟ್ಟಿಲನ ಬೀಡಿಗೆ ಹೋಗಿ ಬಂದು, ಕಂಡದ್ದನ್ನು ಗ್ರೀಕ್ ಭಾಷೆಯಲ್ಲಿ ಬರೆದಿಟ್ಟ. ಅವನ ಗ್ರಂಥ ಪೂರ್ತಿ ಉಳಿದಿಲ್ಲ, ಬೇರೆಯವರು ಎತ್ತಿ ಬರೆದ ತುಣುಕುಗಳಷ್ಟೇ ಇವೆ. ಅಟ್ಟಿಲ ಮರದ ತಟ್ಟೆಯಲ್ಲಿ ಉಂಡ, ಅತಿಥಿಗಳಿಗೆ ಬೆಳ್ಳಿಯ ತಟ್ಟೆ ಇಟ್ಟಿದ್ದರು ಎಂಬ ಪ್ರಸಿದ್ಧ ವಿವರ ಅವನದೇ. ನನ್ನನ್ನು ಕಾಡುವುದು ಅವನ ಬೇರೆ ವಿವರಗಳು. ದಾರಿಯಲ್ಲಿ ಹಳ್ಳಿಯ ಜನ ಇವರಿಗೆ ಗೋಧಿಯ ಬದಲು ಬರಗು ತಂದುಕೊಟ್ಟರು, ದ್ರಾಕ್ಷಾರಸದ ಬದಲು ಜೇನಿನ ಮದ್ಯ ಕೊಟ್ಟರು, ಆಳುಗಳಿಗೆ ಜವೆಗೋಧಿಯ ಪಾನೀಯ ಕೊಟ್ಟರು. ನದಿಗಳನ್ನು ದಾಟಿಸಿದವರು ಒಂಟಿ ಮರದ ದೋಣಿಗಳಿದ್ದ ದಡದ ಜನ. ಹೂಣರ ದಂಡು ಕುದುರೆಯ ಮೇಲೆ ಸಾಗುತ್ತಿತ್ತು ಎಂದು ನಾವು ಓದುತ್ತೇವೆ. ಅದರ ಹೊಟ್ಟೆ ಸಾಗುತ್ತಿದ್ದುದು ಈ ಹಳ್ಳಿಗಳ ಕಣಜದ ಮೇಲೆ.

ಅಟ್ಟಿಲನ ನಂತರದ ಸ್ಥಾನದಲ್ಲಿದ್ದ ಒನೆಜೀಷಿಯಸ್ ಒಂದು ಸ್ನಾನಗೃಹ ಕಟ್ಟಿಸಿದ್ದ. ಆ ಬಯಲಿನಲ್ಲಿ ಕಲ್ಲೂ ಇಲ್ಲ, ಮರವೂ ಇಲ್ಲ. ರೋಮಿನ ಪನ್ನೋನಿಯಾ ಪ್ರಾಂತದಿಂದ ಕಲ್ಲು ಹೊತ್ತು ತರಿಸಿದ್ದ. ಕಟ್ಟಿದವನು ಸಿರ್ಮಿಯಮ್ ಪಟ್ಟಣದಲ್ಲಿ ಸೆರೆಸಿಕ್ಕ ಒಬ್ಬ ಶಿಲ್ಪಿ. ಕೆಲಸ ಚೆನ್ನಾಗಿ ಮುಗಿಸಿದರೆ ಬಿಡುಗಡೆ ಸಿಕ್ಕೀತು ಎಂದು ನಂಬಿದ್ದ. ಕಟ್ಟಡ ಮುಗಿಯಿತು. ಒಡೆಯ ಅವನನ್ನು ಆ ಸ್ನಾನಗೃಹದಲ್ಲೇ ನೀರು ಕಾಯಿಸುವ, ಮೈ ತೊಳೆಸುವ ಆಳಾಗಿ ಇಟ್ಟುಕೊಂಡ. ಇಡೀ ಹೂಣರ ಚರಿತ್ರೆಯಲ್ಲಿ ಇದಕ್ಕಿಂತ ಸಂಕಟದ ಪುಟವನ್ನು ನಾನು ಓದಿಲ್ಲ. ತಾನು ಕಟ್ಟಿದ ಗೋಡೆಯೇ ಅವನಿಗೆ ಸೆರೆಯಾಯಿತು.

ಅದೇ ಬೀಡಿನಲ್ಲಿ ಹೂಣರ ಉಡುಪು ತೊಟ್ಟ ಒಬ್ಬ ಪ್ರಿಸ್ಕಸ್‌ನಿಗೆ ಗ್ರೀಕ್ ಮಾತಿನಲ್ಲಿ ನಮಸ್ಕಾರ ಹೇಳಿದ. ಡಾನ್ಯೂಬ್ ದಡದ ವಿಮಿನೇಷಿಯಮ್ ಪಟ್ಟಣದಲ್ಲಿ ವ್ಯಾಪಾರ ಮಾಡಿಕೊಂಡಿದ್ದ ಹಣವಂತ. ಪಟ್ಟಣ ಬಿದ್ದಾಗ ಸೆರೆಸಿಕ್ಕ. ಸೆರೆಯಾಳುಗಳನ್ನು ಹಂಚುವಾಗ ಹಣವಂತರನ್ನು ಅಟ್ಟಿಲನೂ ಅವನ ಹತ್ತಿರದ ಸರದಾರರೂ ಆರಿಸಿಕೊಳ್ಳುತ್ತಿದ್ದರು, ಈತ ಒನೆಜೀಷಿಯಸ್‌ನ ಪಾಲಿಗೆ ಬಂದ. ರೋಮನ್ನರ ಮೇಲೆ, ಅಕಾಟ್ಸಿರಿ ಎಂಬ ಜನಾಂಗದ ಮೇಲೆ ಹೂಣರ ಪರವಾಗಿ ಕಾದು, ಗಳಿಸಿದ ಲೂಟಿಯನ್ನು ಒಡೆಯನಿಗೆ ಕೊಟ್ಟು ಬಿಡುಗಡೆ ಕೊಂಡುಕೊಂಡ. ಅಲ್ಲಿಯೇ ಮದುವೆಯಾಗಿ ಮಕ್ಕಳನ್ನು ಪಡೆದ. ರೋಮಿನ ತೆರಿಗೆ, ರೋಮಿನ ನ್ಯಾಯಾಲಯಗಳ ಲಂಚಕ್ಕಿಂತ ಈ ಬಾಳೇ ಮೇಲು ಎಂದು ಅವನು ವಾದಿಸುತ್ತಾನೆ. ಈ ಎರಡು ಸೆರೆಗಳನ್ನು ಜೊತೆಗಿಟ್ಟು ನೋಡಬೇಕು. ಹೂಣರ ವ್ಯವಸ್ಥೆಯಲ್ಲಿ ಮೇಲೇಳುವ ದಾರಿ ಇರಲಿಲ್ಲವೆಂದಲ್ಲ. ಇತ್ತು, ಕತ್ತಿ ಹಿಡಿದವನಿಗೆ ಇತ್ತು. ಕೈಕೆಲಸ ಬಲ್ಲವನಿಗೆ, ಬೆಳೆ ಬೆಳೆಯುವವನಿಗೆ ಇರಲಿಲ್ಲ.

ಹೂಣರು ರೋಮಿನ ಜೊತೆ ಮಾಡಿಕೊಂಡ ಒಪ್ಪಂದಗಳನ್ನು ಒಂದೊಂದಾಗಿ ಓದುತ್ತ ಹೋದರೆ ಒಂದು ಷರತ್ತು ಮತ್ತೆ ಮತ್ತೆ ಬರುತ್ತದೆ: ಓಡಿಬಂದವರನ್ನು ಒಪ್ಪಿಸಿ. 435ರ ಸುಮಾರಿಗೆ ಮಾರ್ಗಸ್ ಊರಿನ ಹೊರಗೆ ಕುದುರೆಯಿಂದ ಇಳಿಯದೆಯೇ ಅಟ್ಟಿಲ ಮತ್ತು ಅವನ ಅಣ್ಣ ಬ್ಲೇಡ ಒಪ್ಪಂದ ಮಾಡಿಕೊಂಡರು. ವರ್ಷಕ್ಕೆ 350 ಪೌಂಡ್ ಇದ್ದ ಹೊನ್ನಿನ ಕಾಣಿಕೆ 700 ಪೌಂಡ್‌ಗೆ ಏರಿತು. ಹೂಣರ ಕೈಯಿಂದ ಓಡಿಬಂದವರನ್ನು ರೋಮನ್ನರು ಇಟ್ಟುಕೊಳ್ಳಕೂಡದು ಎಂದಾಯಿತು. ಹಾಗೆ ಹಿಂದಿರುಗಿಸಿದವರಲ್ಲಿ ಮಾಮಾ ಮತ್ತು ಅಟಕಾಮ್ ಎಂಬ ರಾಜವಂಶದ ಇಬ್ಬರು ಎಳೆಯರಿದ್ದರು. ಕಾರ್ಸಮ್ ಕೋಟೆಯ ಬಳಿ ಅವರನ್ನು ಒಪ್ಪಿಸಿಕೊಂಡ ಹೂಣರು ಓಡಿಹೋದ ತಪ್ಪಿಗೆ ಅಲ್ಲೇ ಶೂಲಕ್ಕೆ ಹಾಕಿದರು. ಇಷ್ಟು ದೊಡ್ಡ ದಂಡು ಇದ್ದವರಿಗೆ ಓಡಿಹೋದ ಹಿಡಿ ಜನರ ಭಯ ಏಕೆ? ಅವರ ಆಸ್ತಿ ಜನರೇ ಆಗಿದ್ದರಿಂದ. ಹೊಲ ಓಡಿಹೋಗುವುದಿಲ್ಲ, ಕೋಟೆ ಓಡಿಹೋಗುವುದಿಲ್ಲ. ಜನ ಓಡಿಹೋಗುತ್ತಾರೆ. ಒಬ್ಬ ರಾಜಕುಮಾರ ಓಡಿದರೆ ಅವನ ಹಿಂದೆ ಒಂದು ಪಂಗಡ ಹೊರಡುತ್ತದೆ.

ಭಯ ಒಂದೇ ಸಾಲದು, ಹೊನ್ನೂ ಬೇಕಿತ್ತು. 447ರ ದಾಳಿಯ ನಂತರ ಪೂರ್ವ ರೋಮ್ 6,000 ಪೌಂಡ್ ಹಳೆಯ ಬಾಕಿ ಕಟ್ಟಲು, ವರ್ಷಕ್ಕೆ 2,100 ಪೌಂಡ್ ಹೊನ್ನು ಸಲ್ಲಿಸಲು ಒಪ್ಪಿತು. ರೋಮನ್ ಪೌಂಡ್‌ಗೆ 72 ನಾಣ್ಯ. ವರ್ಷಕ್ಕೆ ಒಂದೂವರೆ ಲಕ್ಷ ಹೊನ್ನಿನ ನಾಣ್ಯಗಳು, ಇಂದಿನ ತೂಕದಲ್ಲಿ 680 ಕಿಲೋಗಿಂತ ಹೆಚ್ಚು. ಈ ಹೊನ್ನು ಅಟ್ಟಿಲನ ಪೆಟ್ಟಿಗೆಯಲ್ಲಿ ಕೂರಲಿಲ್ಲ. ಅದು ಸರದಾರರಿಗೆ, ಅಧೀನ ರಾಜರಿಗೆ, ಅವರ ಬಂಟರಿಗೆ ಇಳಿದು ಹೋಗುತ್ತಿತ್ತು. ಅರ್ಡರಿಕ್‌ನೂ ಅಮಲ್ ಮನೆತನದ ಗಾಥರ ದೊರೆ ವಾಲಮರ್‌ನೂ ಅಟ್ಟಿಲನಿಗೆ ಎಲ್ಲರಿಗಿಂತ ಬೇಕಾದವರು. ಅರ್ಡರಿಕ್ ನಿಷ್ಠೆಗೂ ಬುದ್ಧಿಗೂ ಹೆಸರಾದವನು, ಅಟ್ಟಿಲನ ಆಲೋಚನೆಗಳಲ್ಲಿ ಅವನಿಗೂ ಪಾಲಿರುತ್ತಿತ್ತು. ಉಳಿದ ರಾಜರು ಅಟ್ಟಿಲನ ಕಣ್ಸನ್ನೆಗೆ ನಡುಗುತ್ತ ನಿಂತಿರುತ್ತಿದ್ದರು ಎಂದೂ ಜೋರ್ಡೇನ್ಸ್ ಬರೆಯುತ್ತಾನೆ.

ನಮ್ಮಲ್ಲಿ ಸಾಮಂತ ಎಂಬ ಮಾತಿದೆ. ಅದನ್ನು ಇಲ್ಲಿ ಬಳಸಲು ನನಗೆ ಅಳುಕು. ಸಾಮಂತನಿಗೆ ತನ್ನದೆಂಬ ನಾಡು ಇರುತ್ತದೆ, ಶಾಸನದಲ್ಲಿ ಬಿರುದು ಇರುತ್ತದೆ, ಚಕ್ರವರ್ತಿಯ ಮನೆಯೊಡನೆ ಕೊಡುಕೊಳೆ ಇರುತ್ತದೆ. ಅರ್ಡರಿಕ್‌ಗೆ ಇದ್ದದ್ದು ಅಟ್ಟಿಲ ಎಂಬ ಒಬ್ಬ ಮನುಷ್ಯ ತನ್ನ ಮೇಲೆ ಇಟ್ಟ ವಿಶ್ವಾಸ. ಆ ಮನುಷ್ಯ ಹೋದ ದಿನ ಅದೂ ಹೋಯಿತು. ಅಟ್ಟಿಲನಿಗೆ ಆಪ್ತನಾಗಿದ್ದವನು ಅವನ ಮಕ್ಕಳ ಲೆಕ್ಕದಲ್ಲಿ ಒಂದು ಪಾಲಾಗಿಬಿಟ್ಟ.

ಅಷ್ಟರಲ್ಲಿ ಹೊನ್ನೂ ನಿಂತಿತ್ತು. 450ರಲ್ಲಿ ಪೂರ್ವದ ಪಟ್ಟಕ್ಕೆ ಬಂದ ಮಾರ್ಸಿಯನ್ ಕಾಣಿಕೆ ಕೊಡುವುದಿಲ್ಲ ಎಂದುಬಿಟ್ಟ. 451ರಲ್ಲಿ ಗಾಲ್‌ನಲ್ಲಿ ಕ್ಯಾಟಲೌನಿಯನ್ ಬಯಲಿನ ಯುದ್ಧ. ರೋಮಿನ ಸೇನಾನಿ ಏಷಿಯಸ್ ಮತ್ತು ಪಶ್ಚಿಮದ ಗಾಥರು ಒಂದು ಕಡೆ, ಅಟ್ಟಿಲನ ದಂಡು ಇನ್ನೊಂದು ಕಡೆ. ಅಂದರೆ ಎರಡೂ ಕಡೆ ಗಾಥರು. ಅಟ್ಟಿಲ ಸೋತು ಓಡಲಿಲ್ಲ, ಆದರೆ ಗೆಲ್ಲದೆ ಹಿಂದಿರುಗಿದ. 452ರಲ್ಲಿ ಇಟಲಿಗೆ ಇಳಿದು ಅಕ್ವಿಲೇಯ ಪಟ್ಟಣವನ್ನು ಹಾಳುಗೆಡವಿದ, ದಂಡಿಗೆ ಬರವೂ ರೋಗವೂ ಹತ್ತಿ ಮತ್ತೆ ಹಿಂದಿರುಗಿದ. ಮೂರು ವರ್ಷ ಪೂರ್ವದ ಹೊನ್ನಿಲ್ಲ, ಎರಡು ವರ್ಷ ಹೆಣಗಳನ್ನು ಬಿಟ್ಟು ಬಂದ ದಂಡಯಾತ್ರೆಗಳು. ಸತ್ತವರಲ್ಲಿ ಗೆಪಿಡರೂ ಗಾಥರೂ ಇದ್ದರು. ಮುಂದಿನ ವರ್ಷ ಇಲ್ಡಿಕೊ ಎಂಬ ಹೆಣ್ಣನ್ನು ಮದುವೆಯಾದ ರಾತ್ರಿ, ಕುಡಿದು ಮಲಗಿದ್ದವನು ಮೂಗಿನ ರಕ್ತ ಗಂಟಲಿಗೆ ಇಳಿದು ಸತ್ತ. ಆ ಸಾವಿನ ಸುತ್ತ ಕಥೆಗಾರರು ಬಹಳ ಕಟ್ಟಿದ್ದಾರೆ, ನಾನು ಅದರಲ್ಲಿ ತಡೆಯುವುದಿಲ್ಲ. ಅವನು ಸಾಯದೆ ಇದ್ದಿದ್ದರೂ ಹೊನ್ನಿಲ್ಲದ ಕೈಯಿಂದ ಇಷ್ಟು ಜನರನ್ನು ಎಷ್ಟು ದಿನ ಹಿಡಿಯುತ್ತಿದ್ದ ಎಂಬುದು ಅವನ ಸಾವಿಗಿಂತ ದೊಡ್ಡ ಪ್ರಶ್ನೆ.

ಅರ್ಡರಿಕ್‌ಗೂ ಅಟ್ಟಿಲನ ಮಕ್ಕಳಿಗೂ ಯುದ್ಧ ನಡೆದದ್ದು 454ರಲ್ಲಿ ಎಂದು ಹೆಚ್ಚಿನ ಇತಿಹಾಸಕಾರರ ಎಣಿಕೆ. ಪನ್ನೋನಿಯಾದಲ್ಲಿ ನೆಡಾವೊ ಎಂಬ ನದಿಯ ಬಳಿ ಎಂದು ಜೋರ್ಡೇನ್ಸ್ ಹೇಳುತ್ತಾನೆ. ಆ ಹೆಸರಿನ ನದಿ ಇಂದು ಯಾವ ನಕ್ಷೆಯಲ್ಲೂ ಇಲ್ಲ. ಸಾವಾ ನದಿಗೆ ಸೇರುವ ಒಂದು ಹೊಳೆ ಇರಬೇಕು ಎಂಬುದು ಸಾಮಾನ್ಯ ಊಹೆ. ಆ ದಿನದ ಅವನ ವರ್ಣನೆಯಲ್ಲಿ ಒಂದೊಂದು ಜನಾಂಗಕ್ಕೆ ಒಂದೊಂದು ಆಯುಧ: ಗಾಥನಿಗೆ ಈಟಿ, ಗೆಪಿಡನಿಗೆ ಕತ್ತಿ, ಹೂಣನಿಗೆ ಬಾಣ, ಆಲನ್ನನಿಗೆ ಭಾರದ ಕವಚ, ಹೆರುಲನಿಗೆ ಹಗುರ ಆಯುಧ. ಇದರಲ್ಲಿ ಅಲಂಕಾರ ಹೆಚ್ಚು. ಹೂಣರೂ ಅವರ ಪರವಾದವರೂ ಸೇರಿ 30,000 ಜನ ಸತ್ತರು ಎಂಬ ಅವನ ಸಂಖ್ಯೆಯನ್ನೂ ನಾನು ಹಾಗೇ ನಂಬಲಾರೆ. ಆದರೆ ಆ ವರ್ಣನೆಯ ಒಳಗೆ ಒಂದು ನಿಜ ಇದೆ. ಅಲ್ಲಿ ಎದುರುಬದುರು ನಿಂತವರು ಅಪರಿಚಿತರಲ್ಲ. ಮೂರು ವರ್ಷದ ಹಿಂದೆ ಗಾಲ್‌ನಲ್ಲಿ ಒಂದೇ ದಂಡಿನಲ್ಲಿ ಇದ್ದವರು. ಯಾರ ಕೈ ಯಾವ ಕಡೆಯಿಂದ ಬರುತ್ತದೆ ಎಂದು ಒಬ್ಬರಿಗೊಬ್ಬರು ಬಲ್ಲವರು. ಒಂದೇ ದೇಹದ ಅಂಗಗಳು ಒಂದನ್ನೊಂದು ಕಡಿದುಕೊಂಡಂತೆ ಜೋರ್ಡೇನ್ಸ್‌ಗೆ ಅದು ಕಂಡಿದೆ.

ಅಟ್ಟಿಲನ ಹಿರಿಯ ಮಗ ಎಲ್ಲಾಕ್ ಅಲ್ಲಿ ಸತ್ತ. ತಂದೆಗೆ ಎಲ್ಲ ಮಕ್ಕಳಿಗಿಂತ ಪ್ರಿಯನಾದವನು ಎಂದು ಜೋರ್ಡೇನ್ಸ್ ಅವನನ್ನು ಗೌರವದಿಂದಲೇ ನೆನೆಯುತ್ತಾನೆ. ಎಲ್ಲಾಕ್ ಪ್ರಿಸ್ಕಸ್‌ನ ಬರಹದಲ್ಲಿ ಮೊದಲೇ ಕಾಣಿಸುತ್ತಾನೆ, ಅಕಾಟ್ಸಿರಿಗಳ ಮೇಲೆ ರಾಜನಾಗಿ. ಆ ಪ್ರಸಂಗವನ್ನು ಹೇಳದೆ ಮುಂದೆ ಹೋಗಲಾರೆ. ರೋಮಿನ ಚಕ್ರವರ್ತಿ ಅಕಾಟ್ಸಿರಿ ಮುಖ್ಯಸ್ಥರನ್ನು ಹೂಣರಿಂದ ಒಡೆಯಲು ಉಡುಗೊರೆ ಕಳಿಸಿದ. ಹಿರಿಯನಾದ ಕುರಿಡಾಕಸ್‌ನಿಗೆ ಮೊದಲು ಕೊಡಬೇಕಿತ್ತು, ತಪ್ಪಿ ಎರಡನೆಯವನಾಗಿ ಕೊಟ್ಟರು. ಅವಮಾನವಾಯಿತೆಂದು ಅವನು ಅಟ್ಟಿಲನನ್ನೇ ಕರೆಸಿ ಉಳಿದವರನ್ನು ಬಗ್ಗಿಸಿದ. ಆಮೇಲೆ ಗೆಲುವನ್ನು ಕೊಂಡಾಡಲು ಬಾ ಎಂದು ಅಟ್ಟಿಲ ಕರೆದಾಗ, ಸೂರ್ಯನನ್ನೇ ದಿಟ್ಟಿಸಿ ನೋಡಲಾಗದ ಕಣ್ಣು ದೇವರಲ್ಲಿ ದೊಡ್ಡವನನ್ನು ಹೇಗೆ ನೋಡೀತು ಎಂದು ಹೇಳಿ ಹೋಗದೆ ಉಳಿದು ಜೀವ ಉಳಿಸಿಕೊಂಡ. ಮಿಕ್ಕವರ ಮೇಲೆ ಎಲ್ಲಾಕ್ ರಾಜನಾದ. ಮರ್ಯಾದೆಯ ಸಾಲಿನಲ್ಲಿ ಒಂದು ಸ್ಥಾನ ಹಿಂದೆ ಬಿದ್ದದ್ದಕ್ಕೆ ಒಂದು ಜನಾಂಗದ ಗತಿಯೇ ಬದಲಾದ ಲೋಕ ಅದು. ಅಂಥ ಲೋಕದಲ್ಲಿ ರಾಜರನ್ನು ಚೀಟಿಗೆ ಹಾಕುವುದು ಎಂದರೆ ಏನು ಎಂದು ಎಲ್ಲಾಕ್‌ನಿಗೆ ತಿಳಿಯದೆ ಹೋದದ್ದು ನನಗೆ ಇಂದಿಗೂ ಆಶ್ಚರ್ಯ.

ನೆಡಾವೊದಲ್ಲಿ ವಾಲಮರ್‌ನ ಗಾಥರು ಯಾವ ಕಡೆ ಇದ್ದರು ಎಂಬುದರಲ್ಲಿ ಇತಿಹಾಸಕಾರರಿಗೆ ಒಮ್ಮತವಿಲ್ಲ. ಗಾಥರ ಹೊಗಳಿಕೆಗೆಂದೇ ಬರೆದ ಜೋರ್ಡೇನ್ಸ್ ಆ ಗೆಲುವನ್ನು ಅವರಿಗೆ ಕೊಡದೆ ಗೆಪಿಡರಿಗೆ ಕೊಟ್ಟಿದ್ದಾನೆ. ವಾಲಮರ್ ಅಂದು ಅರ್ಡರಿಕ್‌ನ ಜೊತೆಯಲ್ಲಿ ಇರಲಿಲ್ಲ ಎಂದು ನನಗೆ ಅನ್ನಿಸುವುದು ಅದರಿಂದಲೇ. ಆದರೆ ಹೆಚ್ಚು ದಿನ ಅವನೂ ಹೊರಗುಳಿಯಲಿಲ್ಲ. ಪನ್ನೋನಿಯಾದಲ್ಲಿ ನೆಲೆ ಪಡೆದ ಈ ಗಾಥರ ಮೇಲೆ ಅಟ್ಟಿಲನ ಮಕ್ಕಳು ದಂಡೆತ್ತಿ ಬಂದರು. ಹೇಗೆ ಬಂದರು ಎಂಬುದಕ್ಕೆ ಜೋರ್ಡೇನ್ಸ್ ಬಳಸುವ ಹೋಲಿಕೆಯನ್ನು ಗಮನಿಸಬೇಕು: ಓಡಿಹೋದ ಆಳುಗಳನ್ನು ಹಿಡಿಯಲು ಬಂದವರ ಹಾಗೆ. ಮಾರ್ಗಸ್ ಒಪ್ಪಂದದ ಅದೇ ಮಾತು! ಯುದ್ಧದಲ್ಲಿ ಸೋತರೂ ಅವರ ಮನಸ್ಸಿನಲ್ಲಿ ಪಾಲುಪಟ್ಟಿ ಹಾಗೇ ಇತ್ತು. ತಮ್ಮಂದಿರಿಗೆ ಹೇಳಿಕಳಿಸುವಷ್ಟೂ ಸಮಯವಿಲ್ಲದೆ ವಾಲಮರ್ ತನ್ನ ಬಳಿ ಇದ್ದ ಸ್ವಲ್ಪ ಜನರೊಡನೆ ತಡೆದು ನಿಂತು ಅವರನ್ನು ಮುರಿದ. ಗೆದ್ದ ಸುದ್ದಿ ಹೊತ್ತವನು ತಮ್ಮ ತಿಯುಡಿಮರ್‌ನ ಮನೆ ಮುಟ್ಟಿದ ದಿನ ಅಲ್ಲಿ ಒಂದು ಗಂಡು ಮಗು ಹುಟ್ಟಿತ್ತಂತೆ. ತಿಯೊಡೊರಿಕ್ ಎಂದು ಹೆಸರಿಟ್ಟರು. ಮುಂದೆ ರವೆನ್ನಾದಲ್ಲಿ ಕುಳಿತು 526ರವರೆಗೆ ಇಟಲಿಯನ್ನು ಆಳಿದವನು ಅವನೇ.

ಗೆದ್ದ ಅರ್ಡರಿಕ್ ಟಿಸ್ಸಾ ನದಿಯ ಪೂರ್ವದ ನೆಲವನ್ನು, ಹಳೆಯ ಡೇಸಿಯಾವನ್ನು ಹಿಡಿದ. ರೋಮಿನಿಂದ ಅವನು ಕೇಳಿದ್ದು ಸ್ನೇಹ ಮತ್ತು ವರ್ಷಾಶನದಂತೆ ಒಂದು ಕಾಣಿಕೆ. ಅಟ್ಟಿಲನಿಗೆ ಹೊನ್ನು ನಿಲ್ಲಿಸಿದ ಮಾರ್ಸಿಯನ್ ಅಟ್ಟಿಲನ ಮಕ್ಕಳನ್ನು ಮುರಿದವನಿಗೆ ಕೊಟ್ಟ. ಇಂದಿನ ರುಮೇನಿಯಾದ ಕ್ಲೂಜ್ ಬಳಿ ಅಪಾಹಿಡಾ ಎಂಬಲ್ಲಿ 1889ರಲ್ಲೂ 1968ರಲ್ಲೂ ಐದನೇ ಶತಮಾನದ ಉತ್ತರಾರ್ಧದ ಸಿರಿವಂತ ಸಮಾಧಿಗಳು ಸಿಕ್ಕವು. ಓಮ್ಹಾರಸ್ ಎಂದು ಹೆಸರು ಕೊರೆದ ಉಂಗುರ, ರೋಮಿನ ಉನ್ನತ ಅಧಿಕಾರಿಗಳು ಹೆಗಲಿಗೆ ಸಿಕ್ಕಿಸುತ್ತಿದ್ದಂಥ ಹೊನ್ನಿನ ಪಿನ್ನು, ಕೆಂಪು ಹರಳು ಕೂರಿಸಿದ ಹದ್ದುಗಳು. ಗೆಪಿಡ ದೊರೆಗಳವೆಂದು ಅವನ್ನು ಗುರುತಿಸುತ್ತಾರೆ. ಆ ಚಿತ್ರಗಳನ್ನು ನೋಡುವಾಗ ನನಗೆ ಸಂತೋಷವೂ ಆಗುತ್ತದೆ, ಏನೋ ಕಳವಳವೂ ಆಗುತ್ತದೆ. ಹೊನ್ನು ಹರಿಯುವ ದಾರಿ ಬದಲಾಯಿತು. ಕೊಪ್ಪರಿಗೆಯ ಕೆಳಗೆ ಬೆಂಕಿ ಹಾಕುವವರು ಬದಲಾದರೇ ಎಂದು ಆ ಹದ್ದುಗಳು ಹೇಳುವುದಿಲ್ಲ.

ಹೂಣರ ಕಥೆ ಸಾಮಾನ್ಯವಾಗಿ ನೆಡಾವೊಗೆ ನಿಲ್ಲುತ್ತದೆ. ನನಗೆ ನಿಜವಾದ ಮುಕ್ತಾಯ ಕಾಣುವುದು ಅದಾಗಿ ಹದಿಮೂರು ವರ್ಷದ ಮೇಲೆ ಒಂದು ಕಣಿವೆಯಲ್ಲಿ.

ಉಳಿದ ಮಕ್ಕಳಲ್ಲಿ ಡೆಂಗಿಜಿಕ್, ಎರ್ನಾಕ್ ಇಬ್ಬರ ಹೆಸರು ಮುಂದೆ ಬರುತ್ತದೆ. ಎರ್ನಾಕ್ ಚಿಕ್ಕವನು. 449ರ ಔತಣದಲ್ಲಿ ಅಟ್ಟಿಲ ಯಾರನ್ನೂ ನೋಡಿ ನಗಲಿಲ್ಲ, ಈ ಮಗು ಹತ್ತಿರ ಬಂದಾಗ ಮಾತ್ರ ಅವನ ಕಣ್ಣು ಮೃದುವಾಯಿತು, ಕೆನ್ನೆ ಹಿಡಿದು ಹತ್ತಿರಕ್ಕೆ ಎಳೆದುಕೊಂಡ ಎಂದು ಪ್ರಿಸ್ಕಸ್ ಕಂಡಿದ್ದ. ವಂಶ ಬೀಳುತ್ತದೆ, ಈ ಮಗ ಎತ್ತುತ್ತಾನೆ ಎಂದು ಕಣಿ ಹೇಳುವವರು ಹೇಳಿದ್ದರಂತೆ. 460ರ ದಶಕದ ನಡುವೆ ಈ ಅಣ್ಣತಮ್ಮಂದಿರು ಪೂರ್ವ ರೋಮಿನ ಚಕ್ರವರ್ತಿ ಲಿಯೋನ ಬಳಿಗೆ ದೂತರನ್ನು ಕಳಿಸಿದರು. ಕೇಳಿದ್ದು ಕಾಣಿಕೆಯನ್ನಲ್ಲ. ಹಳೆಯ ಪದ್ಧತಿಯಂತೆ ಡಾನ್ಯೂಬ್ ದಡದಲ್ಲಿ ಒಂದು ಸಂತೆ ನಡೆಯಲಿ, ನಮಗೆ ಬೇಕಾದ್ದನ್ನು ಕೊಂಡುಕೊಳ್ಳುತ್ತೇವೆ ಎಂದು. 2,100 ಪೌಂಡ್ ಹೊನ್ನು ಕೇಳುತ್ತಿದ್ದ ಮನೆಯವರು ಈಗ ಒಂದು ಸಂತೆ ಕೇಳಿದರು. ಲಿಯೋ ಆಗದು ಎಂದ. ಡೆಂಗಿಜಿಕ್ ಯುದ್ಧ ಮಾಡೋಣ ಎಂದ. ತನ್ನ ಕಡೆಯ ಜಗಳಗಳಲ್ಲೇ ಮುಳುಗಿದ್ದ ಎರ್ನಾಕ್ ಬೇಡ ಎಂದ.

467ರ ಸುಮಾರಿಗೆ ಡಾನ್ಯೂಬ್ ದಾಟಿ ಬಂದ ಒಂದು ಗುಂಪನ್ನು ರೋಮನ್ ಸೇನಾನಿಗಳು ಒಂದು ತಗ್ಗಿನಲ್ಲಿ ಕೂಡಿಹಾಕಿದರು. ಅದರಲ್ಲಿ ಗಾಥರೂ ಇದ್ದರು, ಹೂಣರೂ ಇದ್ದರು. ಹಸಿವು ತಾಳಲಾರದೆ ಅವರು ಸಂಧಾನಕ್ಕೆ ಬಂದರು, ನೆಲ ಕೊಟ್ಟರೆ ಹೇಳಿದಂತೆ ಕೇಳುತ್ತೇವೆ ಎಂದರು. ಚಕ್ರವರ್ತಿಯ ಅಪ್ಪಣೆ ಬರುವವರೆಗೆ ಊಟ ಕೊಡುತ್ತೇವೆ, ಆದರೆ ನಮ್ಮಲ್ಲಿ ಎಷ್ಟು ದಂಡಿದೆಯೋ ಅಷ್ಟು ಗುಂಪುಗಳಾಗಿ ನೀವು ಬೇರೆಯಾಗಬೇಕು ಎಂದು ಸೇನಾನಿಗಳು ಷರತ್ತು ಹಾಕಿದರು. ಹಸಿದವರು ಒಪ್ಪಿದರು. ಆಗ ಚೆಲ್ಚಾಲ್ ಎಂಬವನು ಒಂದು ಗುಂಪಿನ ಬಳಿಗೆ ಹೋದ. ಅವನು ರೋಮಿನ ಸೇವೆಯಲ್ಲಿದ್ದ ಹೂಣ. ಗಾಥ ಮುಖಂಡರನ್ನು ಮಾತ್ರ ಕರೆದು ಕೇಳಿದ: ಚಕ್ರವರ್ತಿ ನೆಲ ಕೊಡುತ್ತಾನೆ, ಆದರೆ ಅದು ಯಾರಿಗೆ? ಹೂಣರು ಬೇಸಾಯ ಮಾಡುವವರಲ್ಲ. ನೀವು ಬೆಳೆದದ್ದರ ಮೇಲೆ ತೋಳಗಳಂತೆ ಬಂದು ಬೀಳುತ್ತಾರೆ, ನೀವು ಅವರಿಗೆ ದುಡಿಯುವ ಆಳುಗಳಾಗಿಯೇ ಉಳಿಯುತ್ತೀರಿ. ಹೂಣರ ಜೊತೆ ಕೂಡುವುದಿಲ್ಲ ಎಂದು ನಿಮ್ಮ ಹಿರಿಯರು ಆಣೆ ಮಾಡಿದ್ದರಲ್ಲ? ನಾನು ಹೂಣನಾಗಿ ಹುಟ್ಟಿದ್ದಕ್ಕೆ ಹೆಮ್ಮೆ ಪಡುವವನು. ಆದರೂ ನ್ಯಾಯವೆಂದು ನಿಮಗೆ ಹೇಳುತ್ತಿದ್ದೇನೆ. ಪ್ರಿಸ್ಕಸ್‌ನ ತುಣುಕಿನ ಸಾರಾಂಶ ಇಷ್ಟು. ಗಾಥರು ತಿರುಗಿಬಿದ್ದು ತಮ್ಮ ನಡುವಿನ ಹೂಣರನ್ನು ಕೊಂದರು. ಗದ್ದಲದಲ್ಲಿ ರೋಮನ್ನರು ಇಬ್ಬರ ಮೇಲೂ ಬಿದ್ದರು. ಮೋಸ ತಿಳಿಯುವ ಹೊತ್ತಿಗೆ ತಡವಾಗಿತ್ತು. ಕೆಲವರು ಮಾತ್ರ ಸೀಳಿಕೊಂಡು ಹೊರಬಿದ್ದರು.

ಚೆಲ್ಚಾಲ್ ಹೇಳಿದ್ದು ಯುದ್ಧತಂತ್ರ. ಅದು ಮೋಸವೇ. ಆದರೆ ಮೋಸದ ಮಾತು ಕೂಡ ನಾಟಬೇಕಾದರೆ ಕೇಳುವವನ ಎದೆಯಲ್ಲಿ ಅದಕ್ಕೆ ಜಾಗ ಇರಬೇಕು. ಒಬ್ಬ ಹೊರಗಿನವನು ಬಂದು ನಿಮ್ಮ ಅನ್ನ ಯಾರು ತಿನ್ನುತ್ತಿದ್ದಾರೆ ಎಂದು ಒಮ್ಮೆ ಕೇಳಿದ ಮಾತ್ರಕ್ಕೆ, ಹಸಿವಿನಲ್ಲಿ ಸಾವಿನ ಮುಂದೆ ಜೊತೆಗಿದ್ದವರನ್ನೇ ಕೊಲ್ಲುವಷ್ಟು ಕೋಪ ಹೊರಬಂತು ಎಂದರೆ ಆ ಕೋಪ ಒಂದು ಮಧ್ಯಾಹ್ನದ್ದಲ್ಲ. ಬರಗು ತಂದುಕೊಟ್ಟ ಹಳ್ಳಿಗಳಲ್ಲಿ, ಒಂಟಿ ಮರದ ದೋಣಿ ನಡೆಸಿದವರಲ್ಲಿ ಅದು ತಲೆಮಾರುಗಳಿಂದ ಕೂಡಿತ್ತು. ಇದ್ದದ್ದು ಹೀಗೇ ನೇರ ಎರಡು ಗೆರೆ, ಒಂದು ಕಡೆ ದುಡಿಯುವ ಗಾಥ, ಇನ್ನೊಂದು ಕಡೆ ತಿನ್ನುವ ಹೂಣ ಎಂದೂ ನಾನು ಹೇಳುವುದಿಲ್ಲ. 2017ರಲ್ಲಿ ಪ್ರಕಟವಾದ ಒಂದು ಅಧ್ಯಯನ ಪನ್ನೋನಿಯಾದ ಐದನೇ ಶತಮಾನದ ಸಮಾಧಿಗಳ ಎಲುಬು, ಹಲ್ಲುಗಳನ್ನು ಪರೀಕ್ಷಿಸಿತು. ಬೇಸಾಯದ ಊಟ, ಕುರಿದನಗಳ ಊಟ ಎರಡೂ ಒಂದೇ ಊರಿನಲ್ಲಿ ಬೆರೆತಿದ್ದವು, ಒಬ್ಬನೇ ಮನುಷ್ಯ ತನ್ನ ಆಯುಸ್ಸಿನಲ್ಲಿ ಒಂದರಿಂದ ಇನ್ನೊಂದಕ್ಕೆ ಹೊರಳಿದ್ದೂ ಕಂಡಿತು. ಹಳ್ಳಿಯ ಹೂಣ ಬೇಸಾಯಗಾರನಾಗಿರಬಹುದು, ಗಾಥ ದನ ಕಾದಿರಬಹುದು. ಆ ತಗ್ಗಿನಲ್ಲಿ ಸತ್ತ ಹೂಣರಲ್ಲಿ ಎಷ್ಟೋ ಜನ ಯಾರ ಕಣಜವನ್ನೂ ದೋಚಿರಲಾರರು. ಮೇಲಿನವರು ಹಾಕಿದ ಪಾಲಿನ ಲೆಕ್ಕವನ್ನು ಕೆಳಗಿನವರು ರಕ್ತದಲ್ಲಿ ತೀರಿಸಿದರು.

ಬಿಡುಗಡೆಯಾದವರು ಸುಖವಾಗಿ ಬಾಳಿದರು ಎಂದೂ ನಾನು ನಿಮಗೆ ಹೇಳಲಾರೆ. ಸ್ಕಿರಿಗಳು ಗಾಥರ ಮೇಲೆ ಬಿದ್ದರು, ಆ ಯುದ್ಧದಲ್ಲಿ ವಾಲಮರ್ ಕುದುರೆಯಿಂದ ಬಿದ್ದು ಸತ್ತ. 469ರ ಸುಮಾರಿಗೆ ಬೋಲಿಯಾ ಎಂಬ ಹೊಳೆಯ ದಡದಲ್ಲಿ ಸುಯೆವಿಗಳು, ಸ್ಕಿರಿಗಳು, ರುಗಿಗಳು, ಗೆಪಿಡರು, ಸರ್ಮೇಷಿಯನ್ನರು ಸೇರಿ ಗಾಥರ ಮೇಲೆ ಬಂದು ಸೋತರು. ಒಂದೇ ನೊಗದ ಕೆಳಗಿದ್ದವರು ನೆಡಾವೊ ಆಗಿ ಹದಿನೈದು ವರ್ಷದಲ್ಲಿ ಹೀಗಾದರು. ಸ್ಕಿರಿಗಳಿಗೆ ನೆಲೆ ತಪ್ಪಿತು. ಅವರ ಮುಖಂಡ ಎಡೆಕೋನ ಮಗ ಓಡೊವಾಸರ್ ಇಟಲಿಗೆ ಹೋಗಿ ಸೈನಿಕನಾದ. 476ರಲ್ಲಿ ಪಶ್ಚಿಮ ರೋಮಿನ ಕೊನೆಯ ಚಕ್ರವರ್ತಿ ರೋಮ್ಯುಲಸ್ ಅಗಸ್ಟುಲಸ್‌ನನ್ನು ಪಟ್ಟದಿಂದ ಇಳಿಸಿದವನು ಈ ಓಡೊವಾಸರ್. ರೋಮ್ಯುಲಸ್‌ನ ತಂದೆ ಒರೆಸ್ಟೀಸ್ ಅಟ್ಟಿಲನ ಬಳಿ ಲಿಪಿಕಾರನಾಗಿದ್ದವನು. 493ರಲ್ಲಿ ಓಡೊವಾಸರ್‌ನನ್ನು ರವೆನ್ನಾದಲ್ಲಿ ತನ್ನ ಕೈಯಾರೆ ಕೊಂದವನು ಹೂಣರ ಸೋಲಿನ ಸುದ್ದಿ ಬಂದ ದಿನ ಹುಟ್ಟಿದ ತಿಯೊಡೊರಿಕ್. ಅಟ್ಟಿಲನ ಅಂಗಳದಿಂದ ಹೊರಟ ಎಳೆಗಳು ರೋಮಿನ ಕೊನೆಯ ಪುಟದವರೆಗೆ ಹೋಗುತ್ತವೆ.

ಡೆಂಗಿಜಿಕ್ ಯುದ್ಧ ಬಿಡಲಿಲ್ಲ. 469ರಲ್ಲಿ ಥ್ರೇಸ್‌ನ ಸೇನಾನಿ ಅನಗಾಸ್ಟ್ ಅವನನ್ನು ಕೊಂದ. ತಲೆ ಕಾನ್‌ಸ್ಟಾಂಟಿನೋಪಲ್‌ಗೆ ಬಂದಾಗ ಅಲ್ಲಿ ರಥದ ಓಟ ನಡೆಯುತ್ತಿತ್ತು. ಮುಖ್ಯ ಬೀದಿಯಲ್ಲಿ ಮೆರವಣಿಗೆ ಮಾಡಿ, ಊರ ಅಂಚಿನ ಮರದ ಕ್ರೀಡಾಂಗಣದ ಬಳಿ ಕಂಬಕ್ಕೆ ಸಿಕ್ಕಿಸಿದರು. ಹಲವು ದಿನ ಇಡೀ ಊರು ಹೋಗಿ ನೋಡಿ ಬಂತು.

ಎರ್ನಾಕ್ ಡಾನ್ಯೂಬ್ ನದಿ ಸಮುದ್ರ ಸೇರುವ ಕಡೆ, ಇಂದಿನ ಡೊಬ್ರುಜಾ ಪ್ರಾಂತದಲ್ಲಿ ರೋಮಿನ ಅಪ್ಪಣೆಯಿಂದ ಒಂದು ಮೂಲೆಯಲ್ಲಿ ನೆಲೆಸಿದ್ದ. ಅಟ್ಟಿಲನ ಬಳಗದ ಎಮ್ನೆಟ್ಜುರ್, ಉಲ್ಟ್ಜಿಂಡುರ್ ಎಂಬಿಬ್ಬರಿಗೆ ನದಿಯ ದಕ್ಷಿಣ ದಡದಲ್ಲಿ ಊಟುಸ್, ಓಸ್ಕಸ್, ಅಲ್ಮುಸ್ ಎಂಬ ಮೂರು ಊರುಗಳ ಸುತ್ತ ನೆಲ ಸಿಕ್ಕಿತು. ಎರ್ನಾಕ್ ಇದ್ದ ಪ್ರಾಂತದಲ್ಲೇ, ಮತ್ತೆ ಅದರ ಪಕ್ಕದ ಕೆಳ ಮೊಯೇಷಿಯಾದಲ್ಲಿ, ಸ್ಕಿರಿಗಳ ಒಂದು ಭಾಗವೂ ಆಲನ್ನರ ಒಂದು ಭಾಗವೂ ಬಿಡಾರ ಹೂಡಿದವು. ಆ ಆಲನ್ನರ ನಾಯಕ ಕಂಡಾಕ್. ಅವನ ಬಳಿ ಕೊನೆಯವರೆಗೂ ಪತ್ರ ಬರೆದುಕೊಡುತ್ತಿದ್ದ ಲಿಪಿಕಾರನ ಹೆಸರು ಪಾರಿಯಾ. ಪಾರಿಯಾನ ಮಗನ ಮಗ ಜೋರ್ಡೇನ್ಸ್. ಅವನೂ ಅದೇ ವೃತ್ತಿ ಹಿಡಿದು, ಕಂಡಾಕ್‌ನ ಸೋದರಳಿಯನಿಗೆ ಲಿಪಿಕಾರನಾಗಿದ್ದ. ಆ ಕೆಲಸ ಬಿಟ್ಟ ಮೇಲೆ ಅಟ್ಟಿಲನ ಮಕ್ಕಳು ಜನಾಂಗಗಳನ್ನು ಚೀಟಿಗೆ ಹಾಕಿದ ಸಂಗತಿಯನ್ನು ಅವನು ಬರೆದ.